ಕೈಯಾರೆ ಮಾಡಿದ ಐಎಸ್‌ಎ ಕಾರ್ಡ್ ಕೆಲಸ ಮಾಡದಿದ್ದರೆ

ಹಳೆಯ ಕಂಪ್ಯೂಟರಿನ ಐಎಸ್‌ಎ ಸ್ಲಾಟಿಗೆಂದು (ಹೆಚ್ಚುವರಿ ಕಾರ್ಡುಗಳನ್ನು ಸಿಕ್ಕಿಸುವ ಜಾಗ) ಮನೆಯಲ್ಲೇ ಬೆಸುಗೆ ಹಾಕಿದ 8255 ಕಾರ್ಡ್ (ಹೊರಗಿನ ಸಾಧನಗಳಿಗೆ ಪೋರ್ಟುಗಳನ್ನು ಒದಗಿಸುವ 8255 ಚಿಪ್ಪಿರುವ ಕಾರ್ಡ್) ಮೊದಲ ಸಲಕ್ಕೇ ಸರಿಯಾಗಿ ನಡೆಯುವುದು ಅಪರೂಪ. ಆಗ ಹೆಚ್ಚಿನವರು ಚಿಪ್ಪನ್ನೇ ಬದಲಿಸಲು ಹೊರಡುತ್ತಾರೆ. ದೋಷವಾದರೋ ಸಾಮಾನ್ಯವಾಗಿ ಸ್ಲಾಟಿನಿಂದ ಚಿಪ್ಪಿಗೆ ಹೋಗುವ ದಾರಿಯಲ್ಲಿರುತ್ತದೆ. ಆದ್ದರಿಂದ ಪರೀಕ್ಷೆಯನ್ನು ಸ್ಲಾಟಿನ ಕಡೆಯಿಂದಲೇ ಆರಂಭಿಸಬೇಕು.

ಕಾರ್ಡನ್ನು ಸಿಕ್ಕಿಸುವ ಮೊದಲೇ ಮಲ್ಟಿಮೀಟರ್ ಹಿಡಿಯಿರಿ. 8 ಬಿಟ್ ಸ್ಲಾಟಿನ 62 ಸಂಪರ್ಕಗಳಲ್ಲಿ ಬಿಡಿಭಾಗಗಳಿರುವ ಮುಖದವು ಎ, ಬೆಸುಗೆಯ ಮುಖದವು ಬಿ. ಬಿ1, ಬಿ10, ಬಿ31 ಗ್ರೌಂಡ್; ಬಿ3 ಮತ್ತು ಬಿ29 ಐದು ವೋಲ್ಟ್. ಗ್ರೌಂಡಿಗೂ ಐದು ವೋಲ್ಟಿಗೂ ನಡುವೆ ಶಾರ್ಟ್ ಇರಕೂಡದು. ಬಿ9ರಲ್ಲಿ 12 ವೋಲ್ಟ್ ಇರುವುದರಿಂದ ಅದರ ಅಕ್ಕಪಕ್ಕವನ್ನು ಭೂತಗನ್ನಡಿಯಲ್ಲೇ ನೋಡುವುದು ಒಳ್ಳೆಯದು.

ಚಿಕ್ಕಮಗಳೂರಿನ ಕಡೆಯವರು ಇನ್ನೊಂದನ್ನು ಗಮನಿಸಬೇಕು. ಬಟ್ಟೆಯೇ ಒಣಗದ ಜಡಿಮಳೆಯ ದಿನಗಳಲ್ಲಿ, ತೊಳೆಯದೆ ಬಿಟ್ಟ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಹಚ್ಚುವ ವಸ್ತು) ತೇವ ಹೀರಿ ಗೆರೆಗಳ ನಡುವೆ ವಿದ್ಯುತ್ತನ್ನು ಸೋರಿಸಬಲ್ಲದು. ಬೆಳಿಗ್ಗೆ ಮುಷ್ಕರ ಹೂಡುವ ಕಾರ್ಡ್ ಯಂತ್ರ ಬಿಸಿಯಾದ ಮೇಲೆ ಸರಿಹೋಗುತ್ತಿದ್ದರೆ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದನ್ನು ತೊಳೆದು, ಕಪ್ಪಾದ ತಾಮ್ರದ ಅಂಚನ್ನು ರಬ್ಬರಿನಿಂದ ಉಜ್ಜಿ ನೋಡಿ.

ಕಾರ್ಡ್ ಹಾಕಿದೊಡನೆ ಕಂಪ್ಯೂಟರ್ ಬೂಟ್ ಆಗುವುದೇ ನಿಂತರೆ 74ಎಲ್‌ಎಸ್245 ಬಫರನ್ನು (ಬಸ್ಸಿಗೂ, ಅಂದರೆ ಸ್ಲಾಟಿನ ಸಾಮೂಹಿಕ ಗೆರೆಗಳಿಗೂ, ಕಾರ್ಡಿಗೂ ನಡುವೆ ದತ್ತಾಂಶ ದಾಟಿಸುವ ಚಿಪ್ಪು) ನೋಡಿ. ಅದರ 19ನೇ ಕಾಲನ್ನು ನೇರವಾಗಿ ಗ್ರೌಂಡಿಗೆ ಕಟ್ಟಿದ್ದರೆ, ಬೇರೆ ಯಾವ ಸಾಧನವನ್ನು ಓದುವಾಗಲೂ ನಿಮ್ಮ ಕಾರ್ಡ್ ನಡುವೆ ಬಾಯಿ ಹಾಕುತ್ತದೆ. ಆ ಕಾಲು ಕಾರ್ಡಿನ ವಿಳಾಸ ಬಂದಾಗ ಮಾತ್ರ ಶೂನ್ಯಕ್ಕಿಳಿಯಬೇಕು. ಬಫರಿನ ಎ ಬದಿ ಬಸ್ಸಿನ ಕಡೆಗಿದ್ದರೆ ದಿಕ್ಕು ನಿರ್ಧರಿಸುವ 1ನೇ ಕಾಲಿಗೆ ಐಒಆರ್ (ಓದುವ ಸೂಚನೆ) ಸಂಕೇತ ಸಾಕು.

ಬೂಟ್ ಆದರೆ ಡಾಸ್‌ನ ಡೀಬಗ್ (ವಿಳಾಸಗಳಿಗೆ ನೇರವಾಗಿ ಬರೆದು ಓದಬಲ್ಲ ಪ್ರೋಗ್ರಾಂ) ಸಾಕು, ದುಬಾರಿ ಉಪಕರಣ ಬೇಡ. ವಿಳಾಸ 300ರಿಂದ ಆರಂಭವಾಗುತ್ತದೆ ಎಂದುಕೊಳ್ಳಿ (ಎಲ್ಲವೂ ಹೆಕ್ಸ್ ಸಂಖ್ಯೆಗಳು). ರೀಸೆಟ್ ಆದ 8255ರ ಪೋರ್ಟುಗಳೆಲ್ಲ ಇನ್‌ಪುಟ್ ಆಗಿರುವುದರಿಂದ ಮೊದಲು 303ಕ್ಕೆ 80 ಬರೆದು ಅವನ್ನು ಔಟ್‌ಪುಟ್ ಮಾಡಿ, ಬಳಿಕ 300ಕ್ಕೆ 55 ಬರೆದು ಮರಳಿ ಓದಿ. ಎಷ್ಟು ಸಲ ಓದಿದರೂ ಎಫ್‌ಎಫ್ ಬಂದರೆ ಕಾರ್ಡ್ ಉತ್ತರಿಸುತ್ತಲೇ ಇಲ್ಲ: ಕಾರ್ಡಿನ ವಿಳಾಸವನ್ನು ಗುರುತಿಸುವ ಡಿಕೋಡರಿನಲ್ಲಿ ಎ9, ಎ8 ವಿಳಾಸದ ಗೆರೆಗಳು ಒಂದು, ಎ7, ಎ6, ಎ5 ಸೊನ್ನೆ ಎಂದು ಸರಿಯಾಗಿ ಹೊಂದಿಕೊಂಡಿವೆಯೇ ನೋಡಿ. 55ರ ಬದಲು 57 ಬಂದರೆ ಅದು ಒಳ್ಳೆಯ ಸುದ್ದಿಯೇ, ಏಕೆಂದರೆ ಡಿ1 ಎಂಬ ದತ್ತಾಂಶದ ಗೆರೆಯೊಂದೇ ಕೆಳಗಿಳಿಯುತ್ತಿಲ್ಲ; ಸ್ಲಾಟಿನ ಎ8ನೇ ಸಂಪರ್ಕದಿಂದ (ಎ8 ವಿಳಾಸದ ಗೆರೆಯಲ್ಲ) ಹೊರಟು ಅದರ ಗೆರೆಯುದ್ದಕ್ಕೂ ಬೆಸುಗೆಯ ಸೇತುವೆ ಹುಡುಕಿ. 55 ಸರಿಯಾಗಿ ಬಂದರೂ ಎಎ ಬರೆದು ಇನ್ನೊಮ್ಮೆ ನೋಡಬೇಕು, ಆಗಷ್ಟೇ ಪ್ರತಿ ಬಿಟ್ಟೂ ಎರಡೂ ಸ್ಥಿತಿಗೆ ಹೋಗಿಬಂದಂತಾಗುತ್ತದೆ. ಹಳೆಯ ನೆಟ್‌ವರ್ಕ್ ಕಾರ್ಡುಗಳಿಗೂ 300 ಪ್ರಿಯವಾದ ವಿಳಾಸ; ಅಂಥದ್ದಿದ್ದರೆ ತೆಗೆದಿಡಿ.

ಎಲ್ಲ ಸರಿಯಿದ್ದೂ ಫ್ಲಾಪಿ ಓದುವಾಗ ಮಾತ್ರ ತಪ್ಪುಗಳಾಗುತ್ತಿದ್ದರೆ ಎ11ನೇ ಸಂಪರ್ಕದ ಎಇಎನ್ ಸಂಕೇತವನ್ನು ಡಿಕೋಡರಿಗೆ ಕೊಟ್ಟಿದ್ದೀರಾ ನೋಡಿ. ಫ್ಲಾಪಿ ಬಳಸುವ ಡಿಎಂಎ (ಪ್ರೊಸೆಸರನ್ನು ಬಿಟ್ಟು ಸಾಧನ ಮತ್ತು ಮೆಮೊರಿಯ ನಡುವೆ ನಡೆಯುವ ನೇರ ವರ್ಗಾವಣೆ) ನಡೆಯುವಾಗ ಬಸ್ಸಿನ ಮೇಲಿರುವುದು ಮೆಮೊರಿಯ ವಿಳಾಸ, ಆದರೂ ಐಒಆರ್, ಐಒಡಬ್ಲ್ಯೂ (ಬರೆಯುವ ಸೂಚನೆ) ಸಂಕೇತಗಳು ಮಿಡಿಯುತ್ತಿರುತ್ತವೆ. ಎಇಎನ್ ಸೊನ್ನೆಯಿದ್ದಾಗ ಮಾತ್ರ ಕಾರ್ಡ್ ಉತ್ತರಿಸುವಂತೆ ತಂತಿ ಎಳೆದರೆ ಈ ಗೊಂದಲ ನಿಲ್ಲುತ್ತದೆ.