ಒಂದು ಪೆಡಲ್, ಎರಡು ದನಿ: ಸ್ವಿಚ್ಚಿನ ಕೆಲಸ ಚಿಪ್ಪಿಗೆ ಬಿಡಿ

ಗಿಟಾರಿನ ದನಿಯನ್ನು ಬೇಕಂತಲೇ ಒರಟಾಗಿಸುವ ಓವರ್‌ಡ್ರೈವ್ ಪೆಡಲ್‌ನಲ್ಲಿ ದನಿ ಒಡೆಯುವುದು ಸಾಮಾನ್ಯವಾಗಿ ಡಯೋಡ್‌ಗಳಿಂದ. ಸಿಗ್ನಲ್ ಹಿಗ್ಗಿಸುವ ಆಪ್-ಆಂಪ್ ಚಿಪ್‌ನ ಫೀಡ್‌ಬ್ಯಾಕ್‌ನಲ್ಲಿ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿಯಲ್ಲಿ) ಎರಡು 1ಎನ್4148 ಸಿಲಿಕಾನ್ ಡಯೋಡ್ ಎದುರುಬದುರು ಕೂರಿಸಿದರೆ ಸುಮಾರು 0.6 ವೋಲ್ಟ್‌ಗೇ ಅಲೆಯ ತಲೆ ಕತ್ತರಿಸುತ್ತದೆ. ಅಲ್ಲೇ ಕೆಂಪು ಎಲ್‌ಇಡಿ ಹಾಕಿದರೆ 1.7ರ ಹತ್ತಿರ. ಮೊದಲನೆಯದು ಒತ್ತಿ ಹಿಡಿದ ಹಾಗೆ, ಎರಡನೆಯದು ಗಂಟಲು ಬಿಚ್ಚಿದ ಹಾಗೆ. ಎರಡೂ ಬೇಕು, ಅಲ್ವಾ?

ಕಾಲಿನ ಸ್ವಿಚ್‌ವರೆಗೆ ಸಿಗ್ನಲ್ ವೈರ್ ಎಳೆಯಬಹುದು. ಆದರೆ ಆ ವೈರ್ ಗುಂಯ್ ಅನ್ನುವ ಸದ್ದನ್ನೂ ಹೊತ್ತು ತರುತ್ತದೆ. ವೋಲ್ಟೇಜ್ ಹೇಳಿದಂತೆ ದಾರಿ ಬದಲಿಸುವ ಸ್ವಿಚ್‌ಗಳಿರುವ ಸಿಡಿ4053 ಚಿಪ್ ಆದರೆ ಡಯೋಡ್ ಪಕ್ಕದಲ್ಲೇ ಕೂರುತ್ತದೆ.

ಮೊದಲು ಅದರ 16ನೇ ಪಿನ್‌ಗೆ 9 ವೋಲ್ಟ್ ಕೊಡಿ. 6, 7, 8 ಗ್ರೌಂಡ್‌ಗೆ. 14ನೇ ಪಿನ್ ಆಪ್-ಆಂಪ್‌ನ ಔಟ್‌ಪುಟ್‌ಗೆ, 12 ಸಿಲಿಕಾನ್ ಜೋಡಿಗೆ, 13 ಎಲ್‌ಇಡಿ ಜೋಡಿಗೆ. ಎರಡೂ ಜೋಡಿಗಳ ಇನ್ನೊಂದು ತುದಿ ಆಪ್-ಆಂಪ್‌ನ ಇನ್ವರ್ಟಿಂಗ್ (−) ಇನ್‌ಪುಟ್‌ಗೆ. ಸಿಗ್ನಲ್ 9ರ ಅರ್ಧ, ಅಂದರೆ 4.5 ವೋಲ್ಟ್ ಅನ್ನು ನಡುವಾಗಿಟ್ಟುಕೊಂಡು ತೂಗಬೇಕು, ಸೊನ್ನೆಯ ಕೆಳಗಿಳಿದರೆ ಚಿಪ್ ಒಪ್ಪುವುದಿಲ್ಲ. 12 ಮತ್ತು 13ರಿಂದ ಆ 4.5ಕ್ಕೆ ಒಂದೊಂದು 1 ಮೆಗಓಮ್ ಹಾಕಿ. ಇದನ್ನು ಬಿಟ್ಟರೆ ಪ್ರತಿ ಸಲ ಒತ್ತಿದಾಗ ‘ಟಪ್’ ಅನ್ನಬಹುದು.

ಈಗ ಯಾವ ದನಿ, ಅಂದರೆ ಯಾವ ಮೋಡ್ ಅಂತ ನೆನಪಿಟ್ಟು, ಬಟನ್ ಒತ್ತಿದಾಗಲೆಲ್ಲ ಬದಲಿಸುವುದು ಸಿಡಿ4013 ಫ್ಲಿಪ್-ಫ್ಲಾಪ್ ಚಿಪ್. 2 ಮತ್ತು 5ನೇ ಪಿನ್ ಸೇರಿಸಿ. 4, 6, 7 ಗ್ರೌಂಡ್‌ಗೆ, 14ಕ್ಕೆ 9 ವೋಲ್ಟ್. 1ನೇ ಪಿನ್ 4053ರ 11ನೇ ಕಂಟ್ರೋಲ್ ಪಿನ್‌ಗೆ. 4013ರಲ್ಲಿ ಬಳಸದೆ ಉಳಿದರ್ಧದ 8, 9, 10, 11 ಕೂಡ ಗ್ರೌಂಡ್‌ಗೆ. ಸುಮ್ನೆ ಬಿಟ್ಟರೆ ಚಿಪ್ ತಲೆ ಕೆಡಿಸಿಕೊಳ್ಳುತ್ತದೆ. 4053ರ ಬಳಸದ ಕಂಟ್ರೋಲ್ ಪಿನ್‌ಗಳಾದ 9, 10ಕ್ಕೂ ಇದೇ ಮಾತು.

ನಾನು ಎಡವಿದ್ದು ಇಲ್ಲೇ. ಕಾಲಿನ ಬಟನ್ನನ್ನು ನೇರವಾಗಿ 4013ರ 3ನೇ ಪಿನ್‌ಗೆ ಕೊಟ್ಟಿದ್ದೆ. ಒಂದು ಸಲ ಒತ್ತಿದರೆ ಮೋಡ್ ಬದಲಾಗಿ ಮತ್ತೆ ವಾಪಸ್ ಬರುತ್ತಿತ್ತು. ಐಸಿ (ಚಿಪ್) ಹಾಳಾಗಿದೆ ಅಂತ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ಇನ್ನೊಂದು ತಂದೆ, ಅದೂ ಹಾಗೇ. ತಪ್ಪು ಐಸಿಯದಲ್ಲ. ಬಟನ್‌ನ ಲೋಹದ ನಾಲಿಗೆ ಒತ್ತಿದಾಗ ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ, ಚಿಪ್ ಒಂದೊಂದು ಪುಟಿತವನ್ನೂ ಲೆಕ್ಕ ಹಾಕುತ್ತದೆ. ಬಟನ್‌ನ ಒಂದು ತುದಿ ಗ್ರೌಂಡ್‌ಗೆ, ಇನ್ನೊಂದು ತುದಿಯಿಂದ 9 ವೋಲ್ಟ್‌ಗೆ 100 ಕಿಲೋಓಮ್ ಪುಲ್-ಅಪ್, ಅದೇ ತುದಿಯಿಂದ ಗ್ರೌಂಡ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಅಲ್ಲಿಂದ ಸಿಡಿ40106 (ಷ್ಮಿಟ್ ಟ್ರಿಗರ್ ಇನ್ವರ್ಟರ್) ಚಿಪ್‌ನ ಒಂದು ಗೇಟ್ ದಾಟಿಸಿ 4013ರ 3ನೇ ಪಿನ್‌ಗೆ ಕೊಟ್ಟ ಮೇಲೆ ಸರಿಯಾಯಿತು.

ಎಲ್‌ಇಡಿ ಮೋಡ್‌ನಲ್ಲಿ ದನಿ ಜಾಸ್ತಿ ಬರುತ್ತದೆ, ಗಾಬರಿ ಬೇಡ. 4053ರೊಳಗೆ ಇನ್ನೂ ಎರಡು ಸ್ವಿಚ್ ಬಿಟ್ಟಿ ಇವೆ. ಔಟ್‌ಪುಟ್ ಕೆಪಾಸಿಟರ್‌ಗೂ ಮೊದಲು 10 ಕಿಲೋಓಮ್ ಸೇರಿಸಿ, ಅದರಾಚೆಯ ತುದಿಯನ್ನು 15ನೇ ಪಿನ್‌ಗೆ ಕೊಡಿ. 1ನೇ ಪಿನ್‌ನಿಂದ 4.5 ವೋಲ್ಟ್‌ಗೆ 4.7 ಕಿಲೋಓಮ್ ಹಾಕಿ, 10ನೇ ಪಿನ್ನನ್ನು ಗ್ರೌಂಡ್‌ನಿಂದ ಬಿಡಿಸಿ 11ಕ್ಕೆ ಸೇರಿಸಿ. ಆಮೇಲೆ ಎರಡೂ ದನಿ ಸಮ ಅನ್ನಿಸುವವರೆಗೆ ಕಿವಿಯಿಂದಲೇ ಆ 4.7 ಕಿಲೋಓಮ್ ರೆಸಿಸ್ಟರ್ ಬದಲಿಸುತ್ತ ಹೋಗಿ.