ಅಪ್‌ಗ್ರೇಡ್ ಬೆಲೆ ಕಮ್ಮಿ, ಅದರ ಹಿಂದೆ ಬರೋ ಖರ್ಚೇ ಜಾಸ್ತಿ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಇದೆ. ಭಕ್ತಿಗೀತೆ, ಜನಪದ, ಶಾಲೆಗಳ ಗ್ಯಾದರಿಂಗ್ ಟ್ರ್ಯಾಕು, ದುಗ್ಗಮ್ಮನ ಜಾತ್ರೆ ಹತ್ತಿರ ಬಂದರೆ ಅಮ್ಮನ ಹಾಡುಗಳು. ಹೋದ ವರ್ಷ ರೆಕಾರ್ಡಿಂಗ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಿದೆ. ಬೆಲೆಯ ಮೇಲೆ 18% ಜಿಎಸ್‌ಟಿ, ಡಾಲರಿನಲ್ಲಿ ಕಟ್ಟಿದ್ದಕ್ಕೆ ಬ್ಯಾಂಕಿನವರ ಶುಲ್ಕ. ಅದಿರಲಿ, ಬಿಲ್ಲಿನಲ್ಲಿ ಕಾಣುತ್ತದಲ್ವಾ.

ಬಿಲ್ಲಿನಲ್ಲಿ ಕಾಣದ್ದು ಬೇರೆ. ಹೊಸ ಆವೃತ್ತಿಗೆ ವಿಂಡೋಸ್ 11 ಬೇಕು, ಅದಕ್ಕೆ ಟಿಪಿಎಂ 2.0 ಅನ್ನೋ ಸುರಕ್ಷತಾ ಚಿಪ್ ಬೇಕು. ನನ್ನ ಹಳೇ ಕಂಪ್ಯೂಟರಿನಲ್ಲಿ ಅದಿಲ್ಲ, ಹೊಸದು ತಗೊಂಡೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಗಟ್ಟಿಮುಟ್ಟಾಗೇ ಇತ್ತು, ಆದರೆ ಆ ಮಾದರಿಗೆ ಹೊಸ ಡ್ರೈವರ್ ಬರಲೇ ಇಲ್ಲ. ಅದನ್ನೂ ಬದಲಿಸಿದೆ.

ಎಲ್ಲಕ್ಕಿಂತ ಹೆಚ್ಚು ತಿನ್ನುವುದು ಹಳೇ ಹಾಡುಗಳು. ತಬಲಾ, ಹಾರ್ಮೋನಿಯಂಗೆ ಬಳಸಿದ್ದ ಪ್ಲಗಿನ್‌ಗಳು, ಅಂದರೆ ವಾದ್ಯದ ನಾದ ಕೊಡುವ ಸೇರ್ಪಡೆ ಸಾಫ್ಟ್‌ವೇರುಗಳು, ಹಳೇ 32 ಬಿಟ್ಟಿನವು, ಹೊಸ ಆವೃತ್ತಿಯಲ್ಲಿ ಓಡುವುದಿಲ್ಲ. ಹೊಸದರಲ್ಲಿ ಪ್ರಾಜೆಕ್ಟ್ ತೆರೆದರೆ ಟ್ರ್ಯಾಕಿನ ಹೆಸರಿದೆ, ಯಾವ ಸ್ವರ ಯಾವಾಗ ಅನ್ನೋ ಮಿಡಿ ನೋಟುಗಳೂ ಇವೆ, ದನಿ ಮಾತ್ರ ಇಲ್ಲ. ಹಳೇ ಮಾದರಿಯ ಪ್ಲಗಿನ್ ವಿಎಸ್‌ಟಿ2 ಜಾಗಕ್ಕೆ ಹೊಸ ಮಾದರಿಯ ವಿಎಸ್‌ಟಿ3 ತಂದು ಹಾಕಿದರೂ ಹಳೇ ಸೆಟ್ಟಿಂಗ್, ಹಾಡಿನ ನಡುವೆ ಅವನ್ನು ಏರಿಳಿಸುವ ಆಟೊಮೇಶನ್ ಎಷ್ಟೋ ಸಲ ತಾನಾಗಿ ಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಜಾತ್ರೆ, ಹಾಡಿದವರು ಮತ್ತೆ ಬಂದು "ಅಣ್ಣಾ, ಎರಡನೇ ಚರಣ ಒಂದು ಬದಲಿಸಿಕೊಡಿ" ಅಂತಾರೆ. ಹಾಡು ತೆರೆಯಲ್ಲ ಅಂತ ಅವರಿಗೆ ಹೇಗೆ ಹೇಳುವುದು?

ಅದಕ್ಕೇ ಹಳೇ ಕಂಪ್ಯೂಟರ್ ಮಾರಲಿಲ್ಲ. ಇಂಟರ್ನೆಟ್ ತೆಗೆದು ಮೂಲೆಯಲ್ಲಿಟ್ಟು, ಬಿಡುವಾದಾಗ ಒಂದೊಂದೇ ಹಾಡಿನ ಸ್ಟೆಮ್, ಅಂದರೆ ಪ್ರತಿ ಟ್ರ್ಯಾಕಿನ ಬೇರೆ ಬೇರೆ ಆಡಿಯೋ ಫೈಲ್, ತೆಗೆಯುತ್ತಾ ಬಂದೆ. ಪ್ರತಿ ಟ್ರ್ಯಾಕೂ ಹಾಡಿನ ಶುರುವಿನಿಂದಲೇ ಎಕ್ಸ್‌ಪೋರ್ಟ್ ಆಗಬೇಕು, ಕೊಳಲು ಬರುವುದು ಮೂರನೇ ನಿಮಿಷಕ್ಕೇ ಆದರೂ ಸರಿ, ಆಗಲೇ ಎಲ್ಲವೂ ಯಾವ ಸಾಫ್ಟ್‌ವೇರಿನಲ್ಲಿ ಹಾಕಿದರೂ ತಾಳಕ್ಕೆ ಸರಿಯಾಗಿ ಕೂರುತ್ತವೆ. ಹಾಡಿದವರ ದನಿಯನ್ನು ರಿವರ್ಬ್ (ಪ್ರತಿಧ್ವನಿಯ ಗುಂಗು) ಇಲ್ಲದೆ ಒಂದು ಸಲ, ರಿವರ್ಬ್ ಸಮೇತ ಇನ್ನೊಂದು ಸಲ. ಫೈಲಿನ ಹೆಸರಿನಲ್ಲೇ ಟೆಂಪೋ, ಶ್ರುತಿ. 48 ಕಿಲೋಹರ್ಟ್ಸ್, 24 ಬಿಟ್ಟಿನ ಮೊನೊ ವೇವ್ ನಿಮಿಷಕ್ಕೆ ಸುಮಾರು 8.6 ಎಂಬಿ. ಐದು ನಿಮಿಷದ ಹಾಡು, 30 ಟ್ರ್ಯಾಕ್ ಅಂದರೆ ಹತ್ತಿರತ್ತಿರ 1.3 ಜಿಬಿ. ಒಂದು ಪ್ರತಿ ಸಾಲದು, ಹಾಗಾಗಿ ಎರಡು ಹಾರ್ಡ್ ಡಿಸ್ಕ್. ಈ ಕೆಲಸಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಆ ಹೊತ್ತಿನಲ್ಲಿ ಬೇರೆ ರೆಕಾರ್ಡಿಂಗೂ ಇಲ್ಲ. ನನ್ನ ಲೆಕ್ಕದಲ್ಲಿ ದೊಡ್ಡ ಖರ್ಚು ಅದೇ.

ಈಗ ಮಿಕ್ಸಿಂಗ್ ಮುಗಿದ ದಿನವೇ ಸ್ಟೆಮ್ ತೆಗೆದಿಡುತ್ತೇನೆ, ರೇಟಿನಲ್ಲೂ ಅದನ್ನು ಸೇರಿಸಿ ಮೊದಲೇ ಹೇಳುತ್ತೇನೆ. ಮುಂದಿನ ಅಪ್‌ಗ್ರೇಡ್ ಏನಿದ್ದರೂ ಜಾತ್ರೆ ಕೆಲಸ ಮುಗಿದ ಮೇಲೆ.