ಲಾರಿ ಪಂಪಿನ ಗವರ್ನರ್ ಸ್ಪ್ರಿಂಗ್ ಬದಲಿಸುವುದು ಹೇಗೆ?

ಆಕ್ಸಿಲರೇಟರ್ ಒತ್ತದೆ ಸ್ಲೋನಲ್ಲಿ ಬಿಟ್ಟರೆ ಎಂಜಿನ್ ಒಂದೇ ಸಮ ಓಡದೆ ಏರುತ್ತದೆ, ಇಳಿಯುತ್ತದೆ. ಖಾಲಿ ರೇಸ್ ಕೊಟ್ಟರೆ ಮಿತಿ ದಾಟಿ ಕಿರುಚುತ್ತದೆ. ಹಳೆಯ ಲಾರಿಗಳಲ್ಲಿ ಇದು ಕಂಡ ಕೂಡಲೇ ‘ಗವರ್ನರ್ ಸ್ಪ್ರಿಂಗ್ ಹೋಗಿದೆ’ ಎನ್ನುತ್ತಾರೆ. ಎಂಜಿನ್ನಿಗೆ ಡೀಸೆಲ್ ಒತ್ತುವ ಪಂಪಿನಲ್ಲಿ, ವೇಗವನ್ನು ಹಿಡಿತದಲ್ಲಿಡುವ ಭಾಗವೇ ಗವರ್ನರ್. ಪಂಪು ಬಿಚ್ಚುವ ಮೊದಲು ಡೀಸೆಲ್ ಫಿಲ್ಟರ್, ಪೈಪುಗಳಲ್ಲಿ ಏರ್, ಫೀಡ್ ಪಂಪ್, ಆಕ್ಸಿಲರೇಟರ್ ರಾಡುಗಳ ಸಡಿಲ ಇವನ್ನೆಲ್ಲ ನೋಡಿ. ಎಂಜಿನ್ ನಿಲ್ಲಿಸಿ ಸ್ಟಾಪ್ ಲಿವರ್ ಎಳೆದು ಬಿಟ್ಟಾಗ ಪಂಪಿನೊಳಗೆ ಡೀಸೆಲ್ ಹೆಚ್ಚು-ಕಡಿಮೆ ಮಾಡುವ ಸರಳಾದ ರ‍್ಯಾಕ್ ಎಲ್ಲೂ ಕಚ್ಚದೆ ಜಾರಬೇಕು. ರ‍್ಯಾಕೇ ಹಿಡಿಯುತ್ತಿದ್ದರೆ ಹೊಸ ಸ್ಪ್ರಿಂಗ್ ಹಾಕಿಯೂ ಪ್ರಯೋಜನವಿಲ್ಲ.

ಇಲ್ಲಿ ಹೇಳುತ್ತಿರುವುದು ಆರ್‌ಕ್ಯೂ ಮಾದರಿಯ ಗವರ್ನರ್ ಇರುವ ಇನ್‌ಲೈನ್ ಪಂಪಿನ (ಪ್ರತಿ ಸಿಲಿಂಡರಿಗೊಂದು ಪ್ಲಂಜರ್ ಸಾಲಾಗಿ ಇರುವ ಪಂಪು) ಕೆಲಸ. ಇಂಥ ಪಂಪು ಮಾಡುತ್ತಿದ್ದ, 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆದರೂ ಲಾರಿಯವರ ಬಾಯಲ್ಲಿ ಇದು ಇವತ್ತಿಗೂ ‘ಮೈಕೋ ಪಂಪು’. ಆರ್‌ಎಸ್‌ವಿ ಎಂಬ ಇನ್ನೊಂದು ಮಾದರಿಯ ಗವರ್ನರಿನ ರಚನೆ ಬೇರೆ. ಅದಕ್ಕೆ ಈ ಕ್ರಮ ಹೊಂದದು. ಡೀಸೆಲನ್ನು ಎಲೆಕ್ಟ್ರಾನಿಕ್ ಆಗಿ ಹತೋಟಿ ಮಾಡುವ ಈಗಿನ ಕಾಮನ್ ರೈಲ್ ಲಾರಿಗಳಲ್ಲಂತೂ ಇಂಥ ಸ್ಪ್ರಿಂಗುಗಳೇ ಇಲ್ಲ.

ಗವರ್ನರಿನೊಳಗೆ ಎರಡು ಫ್ಲೈವೇಟುಗಳು, ಅಂದರೆ ತೂಕದ ತುಂಡುಗಳು, ಪಂಪಿನ ಶಾಫ್ಟಿನ ಜೊತೆ ಸುತ್ತುತ್ತವೆ. ಅವು ಹೊರಕ್ಕೆ ಸರಿದರೆ ಡೀಸೆಲ್ ಕಡಿಮೆಯಾಗುತ್ತದೆ. ವೇಗ ಎರಡರಷ್ಟಾದರೆ ಅವು ಹೊರಕ್ಕೆ ಎಳೆಯುವ ಬಲ ನಾಲ್ಕರಷ್ಟಾಗುತ್ತದೆ. ಅದಕ್ಕೇ ಪ್ರತಿ ವೇಟಿನಲ್ಲೂ ಒಂದರೊಳಗೊಂದು ಸ್ಪ್ರಿಂಗ್ ಕೂರಿಸಿರುತ್ತಾರೆ: ಹೊರಗಿನ ಮೆತ್ತನೆಯದು ಸ್ಲೋ ಹಿಡಿದಿಡಲು, ಒಳಗಿನ ಗಟ್ಟಿಯವು ಗರಿಷ್ಠ ವೇಗ ತಡೆಯಲು. ಪಂಪಿನ ತಗಡಿನ ಮೇಲೆ 300/1400 ಎಂದಿದ್ದರೆ ಅವು ಪಂಪಿನ ಸುತ್ತುಗಳು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಂಪು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಎಂಜಿನ್ ಲೆಕ್ಕಕ್ಕೆ ಅವು 600 ಮತ್ತು 2800. ಆ ತಗಡಿನ ಪೂರ್ತಿ ನಂಬರನ್ನು ಬರೆದುಕೊಂಡು ಅದಕ್ಕೆ ಹೊಂದುವ ಸ್ಪ್ರಿಂಗ್ ಸೆಟ್ಟನ್ನೇ ತರಬೇಕು. ‘ಅಳತೆ ಒಂದೇ ಕಾಣುತ್ತದೆ’ ಎಂದು ಬೇರೆ ಪಂಪಿನದನ್ನು ಹಾಕಬೇಡಿ.

ಬ್ಯಾಟರಿಯ ಅರ್ತ್ ತೆಗೆಯಿರಿ. ಪಂಪಿನ ಹೊರಮೈಯನ್ನು ಡೀಸೆಲ್ ಹಾಕಿ ಬ್ರಶ್ಶಿನಿಂದ ತೊಳೆದು ಒರೆಸಿ; ಒಳಗೆ ಒಂದು ಚಿಟಿಕೆ ಮಣ್ಣೂ ಬೀಳಕೂಡದು. ಗವರ್ನರ್ ಎಣ್ಣೆ ಇಳಿಸುವಾಗ ಮೂಸಿ ನೋಡಿ. ಡೀಸೆಲ್ ಬೆರೆತಿದ್ದರೆ ಬೇರೆ ಕಡೆ ಸೋರಿಕೆ ಇದೆ ಎಂದರ್ಥ, ಅದನ್ನೂ ಸರಿಪಡಿಸಬೇಕು.

ಕೆಲವು ಪಂಪುಗಳಲ್ಲಿ ಗವರ್ನರ್ ಮನೆಯ ಪ್ಲಗ್ ಬಿಚ್ಚಿದರೆ ಆ ತೂತಿನಿಂದಲೇ ಸ್ಪ್ರಿಂಗ್ ಹೊರಬರುತ್ತದೆ. ತೂತು ಚಿಕ್ಕದಾದರೆ ಪಂಪು ಇಳಿಸಿ ಹಿಂದಿನ ಕವರ್ ತೆಗೆಯಬೇಕು, ಅದು ಪಂಪ್ ಅಂಗಡಿಯ ಕೆಲಸ. ತೂತು ಸಾಲುವಂತಿದ್ದರೆ ಎಂಜಿನ್ನನ್ನು ಕೈಯಿಂದ ತಿರುಗಿಸಿ ಫ್ಲೈವೇಟಿನ ನಟ್ಟನ್ನು ನೇರ ತೂತಿನ ಕೆಳಗೆ ತನ್ನಿ. ನಟ್ಟಿಗಿಂತ ಬೋಲ್ಟಿನ ತುದಿ ಎಷ್ಟು ಹೊರಗಿದೆ ಎಂದು ವರ್ನಿಯರಿನಲ್ಲಿ ಅಳೆದು ಬರೆದಿಡಿ. ಆಮೇಲೆ ಸುತ್ತಲಿನ ಸಂದಿಗೆ ಶುದ್ಧ ಬಟ್ಟೆ ತುರುಕಿ ನಟ್, ಸೀಟು, ಸ್ಪ್ರಿಂಗ್, ಶಿಮ್ (ತೆಳು ಬಿಲ್ಲೆ) ಎಲ್ಲವನ್ನೂ ಬಂದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸಿ.

ಒಂದು ಶಿಮ್ ಒಳಗೆ ಬಿದ್ದರೂ ಸಿಗುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ. ವೇಟಿನ ನಡುವೆ ಅದು ಸಿಕ್ಕಿಕೊಂಡು ರ‍್ಯಾಕ್ ಪೂರ್ತಿ ಡೀಸೆಲ್ ಕಡೆ ನಿಂತುಬಿಟ್ಟರೆ ಎಂಜಿನ್ ತನ್ನಷ್ಟಕ್ಕೆ ವೇಗ ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆ. ಕೀ ತೆಗೆದರೂ ನಿಲ್ಲದಿರಬಹುದು.

ಎರಡೂ ವೇಟುಗಳ ಸ್ಪ್ರಿಂಗುಗಳನ್ನು ಒಟ್ಟಿಗೇ ಬದಲಿಸಿ. ಒಂದು ಕಡೆ ಹೊಸತು, ಇನ್ನೊಂದು ಕಡೆ ಹಳೆಯದು ಇದ್ದರೆ ವೇಟುಗಳ ಸಮತೋಲ ತಪ್ಪುತ್ತದೆ. ಹಳೆಯ ಸ್ಪ್ರಿಂಗನ್ನು ಎಳೆದು ಉದ್ದ ಮಾಡಿ ಹಾಕುವ ಅಭ್ಯಾಸ ಕೆಲವರಿಗಿದೆ, ನಾಲ್ಕು ದಿನದಲ್ಲಿ ಅದು ಮತ್ತೆ ಕುಗ್ಗುತ್ತದೆ. ಹೊಸದನ್ನು ಕೂರಿಸಿ ನಟ್ಟನ್ನು ಬರೆದಿಟ್ಟ ಅಳತೆಗೇ ತನ್ನಿ, ಎರಡೂ ಕಡೆ ಅಳತೆ ಒಂದೇ ಇರಲಿ. ಇದು ಆರಂಭದ ಸೆಟ್ಟಿಂಗ್ ಮಾತ್ರ. ಬಟ್ಟೆ ಹೊರತೆಗೆದು, ಪ್ಲಗ್ಗಿಗೆ ಹೊಸ ವಾಷರ್ ಹಾಕಿ, ಎಣ್ಣೆಯನ್ನು ಗುರುತಿನವರೆಗೆ ತುಂಬಿ, ಏರ್ ತೆಗೆಯಿರಿ.

ಮೊದಲ ಸ್ಟಾರ್ಟಿಗೆ ಇಬ್ಬರು ಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಒಬ್ಬರ ಕೈ ಸ್ಟಾಪ್ ಲಿವರ್ ಮೇಲಿರಲಿ. ಇನ್ನೊಬ್ಬರು ಏರ್ ಕ್ಲೀನರ್ ಪೈಪ್ ಬಿಚ್ಚಿ ಗಟ್ಟಿ ಮರದ ಹಲಗೆ ಹಿಡಿದು ಪಕ್ಕದಲ್ಲಿ ನಿಂತಿರಬೇಕು. ವೇಗ ಮೀರಿದರೆ ಗಾಳಿಯ ಬಾಯಿಯನ್ನು ಹಲಗೆಯಿಂದ ಮುಚ್ಚುವುದು, ಅಂಗೈಯಿಂದ ಎಂದೂ ಅಲ್ಲ.

ಎಂಜಿನ್ ಸಮವಾಗಿ ಓಡಿದ ಮಾತ್ರಕ್ಕೆ ಲೋಡು ಹತ್ತಿಸಬೇಡಿ. ಪಂಪನ್ನು ಟೆಸ್ಟ್ ಬೆಂಚಿನ ಮೇಲಿಟ್ಟು, ಯಾವ ಸುತ್ತಿಗೆ ಡೀಸೆಲ್ ಕಡಿತ ಶುರುವಾಗುತ್ತದೆ, ಯಾವುದಕ್ಕೆ ಪೂರ್ತಿ ನಿಲ್ಲುತ್ತದೆ ಎಂದು ನೋಡಿ ಹೊಂದಿಸಿ ಸೀಲ್ ಹಾಕಿಸಬೇಕು. ಹಾಗೆ ಕ್ಯಾಲಿಬ್ರೇಷನ್ ಮಾಡಿಸುವಾಗ ‘ಸ್ವಲ್ಪ ಸ್ಪೀಡು ಹೆಚ್ಚಿಗೆ ಇಡಿ’ ಎನ್ನುವ ಮಾಲೀಕರಿದ್ದಾರೆ. ಎಂಜಿನ್ನಿನ ವಾಲ್ವ್ ಸ್ಪ್ರಿಂಗುಗಳೂ ಕನೆಕ್ಟಿಂಗ್ ರಾಡುಗಳೂ ತಗಡಿನಲ್ಲಿ ಬರೆದ ವೇಗಕ್ಕೇ ಮಾಡಿದವು. ಮಿತಿ ಮೀರಿದರೆ ವಾಲ್ವ್ ಸಮಯಕ್ಕೆ ಮುಚ್ಚದೆ ಪಿಸ್ಟನ್ನಿಗೆ ಹೊಡೆಯಬಹುದು. ಶಿರಾಡಿಯಂಥ ಘಾಟಿ ಇಳಿಯುವಾಗಲೂ ಇದೇ ಅಪಾಯವಿದೆ. ಅಲ್ಲಿ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಗವರ್ನರ್ ಡೀಸೆಲ್ ನಿಲ್ಲಿಸಬಲ್ಲದೇ ಹೊರತು ಲಾರಿಯನ್ನು ಹಿಡಿಯಲಾರದು. ಸ್ಪ್ರಿಂಗ್ ಹೊಸತಿದ್ದರೂ ಅಲ್ಲಿ ವೇಗ ತಡೆಯಬೇಕಾದದ್ದು ಡ್ರೈವರ್ ಆರಿಸಿದ ಗೇರ್ ಮತ್ತು ಬ್ರೇಕು.